ಹಳೆಯ ಮಾರುತಿ 800ರ ಆಯಿಲ್ ಸೋರಿಕೆ: ಗೇರ್ ಬಾಕ್ಸ್ ಇಳಿಸುವ ಮೊದಲು

ಅಣ್ಣಾ, ನಮಸ್ಕಾರ. ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. 1997ರ ಮಾರುತಿ 800, ಕಾರ್ಬ್ಯುರೇಟರ್ ಗಾಡಿ. ಗದಗಿನ ಮನೆಯ ಮುಂದೆ ರಾತ್ರಿ ನಿಲ್ಲಿಸಿದರೆ ಬೆಳಗ್ಗೆ ಅಂಗೈಯಗಲ ಎಣ್ಣೆಯ ಕಲೆ. ಎಂಜಿನ್ ಮತ್ತು ಗೇರ್ ಬಾಕ್ಸ್ ಕೂಡುವ ಜಾಗದಿಂದ ತೊಟ್ಟಿಕ್ಕುತ್ತಿದೆ. ನೋಡಿದ ಮೆಕ್ಯಾನಿಕ್ "ಹಿಂದಿನ ಆಯಿಲ್ ಸೀಲ್ ಹೋಗಿದೆ, ಗೇರ್ ಬಾಕ್ಸ್ ಇಳಿಸಬೇಕು, ಹೇಗೂ ಬಿಚ್ಚುತ್ತೇವೆ, ಎಂಜಿನ್ ಕೆಲಸವನ್ನೂ ಮುಗಿಸಿಬಿಡೋಣ" ಎಂದಿದ್ದಾರೆ. ಆ ಸೀಲೆಂದರೆ ಗೇರ್ ಬಾಕ್ಸ್ ಕಡೆಯ ತುದಿಯಲ್ಲಿ ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿನ ಸುತ್ತ ಎಣ್ಣೆ ತಡೆಯುವ ರಬ್ಬರ್ ಬಳೆ. ಮಾಡಿಸಲೋ, ಗಾಡಿ ಮಾರಲೋ ಎಂದು ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡ. ಎಣ್ಣೆ ಎಲ್ಲಿಂದ ಹೊರಡುತ್ತಿದೆ ಎಂಬುದನ್ನು ನೀವೇ ಕಣ್ಣಾರೆ ಕಾಣುವವರೆಗೆ ಒಂದು ನಟ್ಟನ್ನೂ ಬಿಚ್ಚಲು ಬಿಡಬೇಡಿ.

ಇಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ. ಹುಬ್ಬಳ್ಳಿಯಲ್ಲಿ ನನ್ನದೂ ಅದೇ ಗಾಡಿ, 1996ರದ್ದು. ಇದೇ ಜಾಗದಲ್ಲಿ ಇದೇ ರೀತಿ ಸೋರುತ್ತಿತ್ತು. ಒಂದು ಗ್ಯಾರೇಜಿನಲ್ಲಿ ಗೇರ್ ಬಾಕ್ಸ್ ಇಳಿಸಿ ಹಿಂದಿನ ಸೀಲ್ ಹಾಕಿದರು, ಹದಿನೈದು ದಿನಕ್ಕೆ ಮತ್ತೆ ಕಲೆ ಕಾಣಿಸಿತು. ಸೀಲ್ ಕಳಪೆಯದಿತ್ತೆಂದು ಮತ್ತೊಮ್ಮೆ ಇಳಿಸಿದರು. ಆಗಲೂ ನಿಲ್ಲಲಿಲ್ಲ. ಕೊನೆಗೆ ನಾನೇ ಒಂದು ಭಾನುವಾರ ಟಾರ್ಚು, ಗಡ್ಡ ಮಾಡಿಕೊಳ್ಳುವ ಸಣ್ಣ ಕನ್ನಡಿ ಹಿಡಿದು ಕುಳಿತೆ. ತಪ್ಪು, ಸ್ಪಾರ್ಕ್ ಪ್ಲಗ್ಗುಗಳಿಗೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರಿನ ಬುಡದಲ್ಲಿರುವ ರಬ್ಬರ್ ರಿಂಗಿನದಾಗಿತ್ತು.

ನಮ್ಮ ಕಡೆಯ ಮೇಲ್ಮುದ್ದೆ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ನೀರು ಇಳಿಯುವುದು ಒಂದು ಕಡೆ, ಜಂತಿ ಹಿಡಿದು ಹರಿದು ತೊಟ್ಟಿಕ್ಕುವುದು ಇನ್ನೊಂದು ಕಡೆ. ತೊಟ್ಟಿಕ್ಕುವಲ್ಲಿ ಪಾತ್ರೆ ಇಡುತ್ತೇವೆ, ಆದರೆ ಮಣ್ಣು ಹಾಕಲು ಮೇಲೆ ಹತ್ತಿ ಬಿರುಕು ಹುಡುಕುತ್ತೇವೆ. ಎಂಜಿನ್ನಿನಲ್ಲೂ ಎಣ್ಣೆ ಮೇಲಿನಿಂದ ಇಳಿಯುತ್ತದೆ, ಓಡುವಾಗ ಗಾಳಿಯ ಹೊಡೆತಕ್ಕೆ ಹಿಂದಕ್ಕೂ ಪಕ್ಕಕ್ಕೂ ಹರಡುತ್ತದೆ, ಕೊನೆಗೆ ಎಲ್ಲಕ್ಕಿಂತ ತಗ್ಗಿನ ಅಂಚಿನಲ್ಲಿ ಹನಿಯಾಗುತ್ತದೆ. 800ರ ಡಿಸ್ಟ್ರಿಬ್ಯೂಟರ್ ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಗೇರ್ ಬಾಕ್ಸ್ ಕಡೆಯ ತುದಿಯಲ್ಲಿ ಕೂತಿದೆ. ಅಲ್ಲಿಂದ ಜಿನುಗಿದ್ದು ನೇರವಾಗಿ ಕೆಳಗಿಳಿದು, ಎಂಜಿನ್ ಗೇರ್ ಬಾಕ್ಸ್ ನಡುವೆ ಕ್ಲಚ್ ಇರುವ ಗೂಡಾದ ಕ್ಲಚ್ ಹೌಸಿಂಗಿನ ಸಂದಿಗೆ ಬರುತ್ತದೆ. ಕೆಳಗೆ ಮಲಗಿ ನೋಡಿದವರಿಗೆ ಅದು ಹಿಂದಿನ ಸೀಲಿನಂತೆಯೇ ಕಾಣುತ್ತದೆ.

ಮೊದಲ ಕೆಲಸ ರಟ್ಟಿನದು. ರಾತ್ರಿ ಗಾಡಿಯ ಕೆಳಗೆ ದೊಡ್ಡದೊಂದು ಬಿಳಿ ರಟ್ಟು ಹಾಸಿ, ಮುಂದಿನ ಎರಡು ಗಾಲಿಗಳು ಎಲ್ಲಿವೆ ಎಂದು ಪೆನ್ನಿನಿಂದ ಗುರುತು ಮಾಡಿ. ಬೆಳಗ್ಗೆ ಹನಿ ಮುಟ್ಟಿ, ಉಜ್ಜಿ, ಮೂಸಿ ನೋಡಿ. ಎಂಜಿನ್ ಆಯಿಲ್ ಕಂದು ಅಥವಾ ಕಪ್ಪಾಗಿರುತ್ತದೆ. ಗೇರ್ ಎಣ್ಣೆ ಅದಕ್ಕಿಂತ ಮಂದ, ಗಂಧಕದಂಥ ಗಾಟು ವಾಸನೆ ಅದರದು, ಒಮ್ಮೆ ಮೂಸಿದರೆ ಮರೆಯುವುದಿಲ್ಲ. ಬ್ರೇಕ್ ಎಣ್ಣೆ ತೆಳ್ಳಗೆ, ತಿಳಿಯಾಗಿ, ಹೆಚ್ಚಾಗಿ ಗಾಲಿಯ ಬಳಿ ಕಾಣುತ್ತದೆ. ಅದಾಗಿದ್ದರೆ ಗಾಡಿಯನ್ನು ಒಂದು ಹೆಜ್ಜೆಯೂ ಓಡಿಸಬೇಡಿ. ಎಂಜಿನ್ ಗೇರ್ ಬಾಕ್ಸ್ ಕೂಡುವಲ್ಲಿ ಬೀಳುತ್ತಿರುವುದು ಗೇರ್ ಎಣ್ಣೆಯೇ ಆಗಿದ್ದರೆ ಸೋತಿರುವುದು ಎಂಜಿನ್ನಿನ ತಿರುಗುವಿಕೆಯನ್ನು ಒಳಕ್ಕೆ ತರುವ ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟ್ ಸೀಲ್, ಎಂಜಿನ್ನಿನದಲ್ಲ.

ಜೊತೆಗೆ ಲೆಕ್ಕವನ್ನೂ ಬರೆದಿಡಿ. ಸಮತಟ್ಟಾದ ನೆಲದಲ್ಲಿ, ಎಂಜಿನ್ ತಣ್ಣಗಿರುವ ಬೆಳಗಿನ ಹೊತ್ತು ಎಣ್ಣೆಯ ಮಟ್ಟ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ ಒರೆಸಿ ನೋಡಿ, ಕಿಲೋಮೀಟರ್ ಬರೆದುಕೊಳ್ಳಿ. ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಇಳಿಯುತ್ತಿದ್ದು ರಟ್ಟು ಒಣಗಿದ್ದರೆ ಎಣ್ಣೆ ಸೋರುವ ಬದಲು ಉರಿಯುತ್ತಿರಬಹುದು. ಬೆಳಗ್ಗೆ ಚಾಲೂ ಮಾಡಿದ ಕೂಡಲೇ ಒಮ್ಮೆ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್, ಏರಿನಲ್ಲಿ ಎಳೆಯುವಾಗೆಲ್ಲ ಬಂದರೆ ಪಿಸ್ಟನ್ ರಿಂಗ್ ಸವೆದಿರಬಹುದು. ಮಟ್ಟ ಮೇಲಿನ ಗುರುತು ದಾಟಿದ್ದರೂ ತೊಂದರೆಯೇ. "ಸೋರುತ್ತದಲ್ಲ, ಸ್ವಲ್ಪ ಹೆಚ್ಚೇ ಇರಲಿ" ಎಂದು ಸುರಿಯುವವರು ಬಹಳ.

ಇನ್ನು ತೊಳೆಯುವುದು. ಇದನ್ನು ಮಾತ್ರ ಅವಸರದಲ್ಲಿ ಮಾಡಬೇಡಿ. ನಮ್ಮ ಎರೆ ಭೂಮಿಯ ಧೂಳು ಎಣ್ಣೆಗೆ ಅಂಟಿದರೆ ಸಿಮೆಂಟಿನಂತೆ ಕಟ್ಟುತ್ತದೆ. ಅಣ್ಣಿಗೇರಿ ಕಡೆಯ ಹೊಲದ ದಾರಿಯಲ್ಲಿ ಒಂದು ಹಂಗಾಮು ಓಡಿಸಿದ ನನ್ನ ಗಾಡಿಯ ಚೇಂಬರಿನ (ಎಂಜಿನ್ನಿನ ತಳದ ಎಣ್ಣೆ ತೊಟ್ಟಿ) ಮೇಲೆ ಬೆರಳು ದಪ್ಪದ ಪದರವಿತ್ತು. ಅದರಡಿ ಏನು ನಡೆದಿದೆ ಎಂದು ಯಾರಿಗೂ ಕಾಣುವುದಿಲ್ಲ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ. ಡಿಸ್ಟ್ರಿಬ್ಯೂಟರಿನ ಮುಚ್ಚಳ, ಆಲ್ಟರ್ನೇಟರ್, ಏರ್ ಫಿಲ್ಟರಿನ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ. ಮರದ ಚಕ್ಕೆಯಿಂದ ಹೆಪ್ಪು ಕೆರೆದು, ಡೀಸೆಲ್ಲಿನಲ್ಲಿ ಅದ್ದಿದ ಬ್ರಷ್ಷಿನಿಂದ ಉಜ್ಜಿ, ಆಮೇಲೆ ಸೋಪಿನ ನೀರು ಹಾಕಿ, ಬಟ್ಟೆಯಿಂದ ಒರೆಸಿ, ಬಿಸಿಲಿಗೆ ಒಣಗಿಸಿ. ಪೆಟ್ರೋಲ್ ಬಳಸಲೇಬೇಡಿ, ಒಂದು ಕಿಡಿ ಸಾಕು. ವಾಷಿಂಗ್ ಸೆಂಟರಿನ ಜೋರು ನೀರೂ ಬೇಡ, ವೈರಿಂಗಿಗೆ ನುಗ್ಗಿ ಇನ್ನೊಂದು ತಲೆನೋವು ತರುತ್ತದೆ. ಕೆಳಗೆ ಇಳಿಯುವುದಾದರೆ ಬರೀ ಜಾಕ್ ನಂಬಬೇಡಿ. ಎರೆ ನೆಲದಲ್ಲಿ ಅದು ಹೂತುಹೋಗುತ್ತದೆ. ಕೆಳಗೊಂದು ಹಲಗೆ ಹಾಕಿ, ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ಹಿಂದಿನ ಗಾಲಿಗಳಿಗೆ ಕಲ್ಲು ಒಡ್ಡಿ.

ಒಣಗಿದ ಎಂಜಿನ್ನಿನ ಮೇಲೆ, ಅನುಮಾನವಿರುವ ಪ್ರತಿ ಜೋಡಣೆಗೂ ಸ್ನಾನದ ನಂತರ ಮೈಗೆ ಹಚ್ಚುವ ಪೌಡರ್ ತೆಳ್ಳಗೆ ಉದುರಿಸಿ. ಬೆಲ್ಟುಗಳಿಗೆ ಬೀಳದಂತೆ ನೋಡಿಕೊಳ್ಳಿ. ಕಟ್ಟಿದ ಚೀಲಗಳನ್ನು ತೆಗೆದು, ಬ್ಯಾಟರಿ ತಂತಿ ಮತ್ತೆ ಜೋಡಿಸಿ, ಲಕ್ಕುಂಡಿಯವರೆಗೆ ಹೋಗಿ ತಿರುಗಿ ಬನ್ನಿ, ಹೋಗಿ ಬರಲು 25 ಕಿಲೋಮೀಟರ್ ಒಳಗೇ ಆಗುತ್ತದೆ, ಎಣ್ಣೆ ಚೆನ್ನಾಗಿ ಕಾದು ತೆಳ್ಳಗಾಗಲು ಅಷ್ಟು ಸಾಕು. ಬಂದ ಕೂಡಲೇ ಬಾನೆಟ್ ತೆಗೆದು ಮೇಲಿನಿಂದ ಕೆಳಕ್ಕೆ ನೋಡುತ್ತ ಬನ್ನಿ. ನನ್ನ ಗಾಡಿಯಲ್ಲಿ ಕಂಡದ್ದು ಇಂದಿಗೂ ಕಣ್ಣಿಗೆ ಕಟ್ಟಿದೆ: ಹೆಡ್ಡಿನ ಮೇಲಿನ ಮುಚ್ಚಳವಾದ ಟ್ಯಾಪೆಟ್ ಕವರಿನ ಸುತ್ತ ಪೌಡರ್ ಹಾಲಿನಷ್ಟು ಬೆಳ್ಳಗಿತ್ತು. ಡಿಸ್ಟ್ರಿಬ್ಯೂಟರಿನ ಬುಡದಲ್ಲಿ ಮಾತ್ರ ದಾರದೆಳೆಯಷ್ಟು ಸಣ್ಣ ಕಂದು ಗೆರೆ, ಕನ್ನಡಿ ಓರೆ ಹಿಡಿದಾಗ ಅದರ ತುದಿಯಲ್ಲಿ ಜೋಳದ ಕಾಳಿನಷ್ಟು ಎಣ್ಣೆ. ನೋಡುತ್ತಿದ್ದಂತೆ ಅದು ತುಂಬಿ, ಜಾರಿ, ಕ್ಲಚ್ ಹೌಸಿಂಗಿನ ಮೇಲೆ ಬಿತ್ತು. ಎರಡು ಸಲ ಗೇರ್ ಬಾಕ್ಸ್ ಇಳಿಸಿದ್ದಕ್ಕೆ ಕಾರಣವಾದದ್ದು ಬೆರಳಿಗೆ ಹಾಕುವ ಉಂಗುರದಂಥ ರಬ್ಬರು.

ಎಲ್ಲಿ ಕಂಡರೆ ಏನು ಎಂಬುದು ಮುಂದಿನ ಮಾತು. ಮೇಲಿನ ಟ್ಯಾಪೆಟ್ ಕವರಿನ ಪ್ಯಾಕಿಂಗ್ (ನಡುವೆ ಕೂರುವ ಗ್ಯಾಸ್ಕೆಟ್) ಬಿಸಿಗೆ ಗಟ್ಟಿಯಾಗಿ ಸೋಲುವುದು ತೀರ ಸಾಮಾನ್ಯ. ಹೊಸದು ಹಾಕುವಾಗ ಎರಡೂ ಮುಖಗಳನ್ನು ಗೀರು ಬೀಳದಂತೆ ಕೆರೆದು ಎಣ್ಣೆಪಸೆ ಇಲ್ಲದಂತೆ ಒರೆಸಿ, ನಟ್ಟುಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಸೋರುತ್ತದೆಂದು ಪಾನ (ಸ್ಪ್ಯಾನರ್) ಹಾಕಿ ಎಳೆದಷ್ಟೂ ಕವರ್ ಬಾಗಿ ಇನ್ನಷ್ಟು ಸೋರುತ್ತದೆ. ಆಯಿಲ್ ಪ್ರೆಶರ್ ಸ್ವಿಚ್ಚಿನ ಒಂಟಿ ತಂತಿಯ ಬಾಯಿ ಒದ್ದೆಯಾಗಿದ್ದರೆ ಸ್ವಿಚ್ಚನ್ನೇ ಬದಲಿಸಿ. ಆಯಿಲ್ ಫಿಲ್ಟರ್ ಬದಲಿಸುವಾಗ ಹಳೆಯದರ ರಬ್ಬರ್ ವಾಷರ್ ಎಂಜಿನ್ನಿಗೇ ಅಂಟಿ ಉಳಿದಿರುತ್ತದೆ, ಅದರ ಮೇಲೆ ಹೊಸದು ಕೂತರೆ ನಿಲ್ಲುವುದಿಲ್ಲ. ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪ್ ಹೆಡ್ಡಿಗೆ ಕೂರುವಲ್ಲಿಯೂ ಒಂದು ಪ್ಯಾಕಿಂಗ್ ಇದೆ, ಅದನ್ನು ಹೆಚ್ಚಿನವರು ನೋಡುವುದೇ ಇಲ್ಲ. ಡ್ರೇನ್ ಬೋಲ್ಟಿಗೆ ಪ್ರತಿ ಸಲವೂ ಹೊಸ ವಾಷರ್ ಹಾಕಿಸಿ.

ಚೇಂಬರಿನ ಪ್ಯಾಕಿಂಗ್ ಬಗ್ಗೆ ಒಂದು ಮಾತು ಹೆಚ್ಚು. ತಗಡಿನ ಚೇಂಬರನ್ನು ಹಿಂದೆ ಯಾರೋ ಅತಿಯಾಗಿ ಬಿಗಿದಿದ್ದರೆ ಬೋಲ್ಟಿನ ತೂತುಗಳ ಸುತ್ತ ತಗಡು ಉಬ್ಬಿರುತ್ತದೆ. ಗಾಜಿನ ಮೇಲೆ ಬೋರಲು ಇಟ್ಟು ನೋಡಿದರೆ ಎಲ್ಲೆಲ್ಲಿ ಎದ್ದಿದೆ ಎಂದು ತಿಳಿಯುತ್ತದೆ. ಗಟ್ಟಿ ಮರದ ದಿಮ್ಮಿಯ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ತಟ್ಟಿ ಸಮ ಮಾಡದೆ ಎಂಥ ಪ್ಯಾಕಿಂಗ್ ಹಾಕಿದರೂ ವ್ಯರ್ಥ. ಸಿಲಿಕೋನ್ ಪೇಸ್ಟನ್ನು ಮೂಲೆಗಳಿಗೆ ತೆಳ್ಳಗೆ ಹಚ್ಚಿದರೆ ಸಾಕು. ದಪ್ಪಗೆ ಬಳಿದರೆ ಒಳಗೆ ಉಕ್ಕಿ, ಹರಿದು, ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿಕೊಳ್ಳುತ್ತದೆ. ಆಗ ಸೋರಿಕೆ ನಿಂತು ಬೇರಿಂಗಿಗೆ ಎಣ್ಣೆ ಸಿಗದೆ ಎಂಜಿನ್ನೇ ಹೋಗುತ್ತದೆ.

ಡಿಸ್ಟ್ರಿಬ್ಯೂಟರ್ ರಿಂಗೇ ಆಗಿದ್ದರೆ ಡಿಸ್ಟ್ರಿಬ್ಯೂಟರನ್ನು ತೆಗೆಯುವ ಮೊದಲು ಅದರೊಳಗೆ ತಿರುಗುವ ರೋಟರ್ ಯಾವ ಕಡೆ ಮುಖ ಮಾಡಿದೆ, ಬಾಡಿ ಹೆಡ್ಡಿಗೆ ಹೇಗೆ ಕೂತಿದೆ ಎಂದು ಮೊಳೆಯಿಂದ ಗೀಚಿ ಗುರುತು ಮಾಡಿ, ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಎಳೆಯುವಾಗ ರೋಟರ್ ಸ್ವಲ್ಪ ತಿರುಗಬಹುದು, ಕೂರಿಸುವಾಗ ಅಷ್ಟೇ ಹಿಂದಕ್ಕೆ ಹೊಂದಿಸಬೇಕು. ಅದು ಹೊರಗಿರುವಾಗ ಎಂಜಿನ್ ತಿರುಗಿಸಬೇಡಿ. ಹೊಸ ರಿಂಗಿಗೆ ಎಂಜಿನ್ ಎಣ್ಣೆ ಸವರಿ ಕೂರಿಸಿ, ಆಮೇಲೆ ಟೈಮಿಂಗ್ ಲೈಟ್ ಇರುವವರಿಂದ ಕಿಡಿ ಹಾರುವ ಟೈಮಿಂಗ್ ನೋಡಿಸಿ.

ಬೆಲ್ಟಿನ ಕಡೆ ಒದ್ದೆಯಿದ್ದರೆ ಕ್ಯಾಮ್ ಸೀಲ್ ಅಥವಾ ಕ್ರ್ಯಾಂಕಿನ ಮುಂದಿನ ಸೀಲ್. ಇದನ್ನು ಮುಂದೂಡಬೇಡಿ. ಕ್ರ್ಯಾಂಕಿನಿಂದ ಕ್ಯಾಮನ್ನು ತಿರುಗಿಸುವ ಟೈಮಿಂಗ್ ಬೆಲ್ಟ್ ರಬ್ಬರಿನದು, ಎಣ್ಣೆ ಕುಡಿದರೆ ಅದು ಕೆಡುತ್ತದೆ, ಹರಿದರೆ ಗಾಡಿ ಇದ್ದಲ್ಲೇ ನಿಲ್ಲುತ್ತದೆ. ಬಿಚ್ಚಿದಾಗ ಎರಡು ಸೀಲು, ಬೆಲ್ಟು ಎಲ್ಲವನ್ನೂ ಒಟ್ಟಿಗೆ ಹಾಕಿಸಿ. ಹಳೆಯ ಸೀಲಿನ ತುಟಿ ಶಾಫ್ಟಿನ ಮೇಲೆ ಗೆರೆ ಕೊರೆದಿದೆಯೇ ಎಂದು ಉಗುರಿನಿಂದ ಮುಟ್ಟಿ ನೋಡಿ. ಉಗುರು ಸಿಕ್ಕಿಕೊಂಡರೆ ಹೊಸ ಸೀಲ್ ಹಳೆಯ ಗೆರೆಯ ಮೇಲೆ ಬೀಳದಂತೆ ಕೂದಲೆಳೆಯಷ್ಟು ಆಚೀಚೆ ಕೂರಿಸಬೇಕು.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಒಂದೇ ಕಡೆಯಲ್ಲದೆ ನಾಲ್ಕಾರು ಕಡೆ ಒಟ್ಟಿಗೆ ಜಿನುಗುತ್ತಿದ್ದರೆ ಸೀಲುಗಳ ಮೇಲೆ ಕೋಪ ಮಾಡಿಕೊಳ್ಳಬೇಡಿ, ಎಂಜಿನ್ನಿಗೆ ಉಸಿರು ಕಟ್ಟಿದೆ ಎಂದು ತಿಳಿಯಿರಿ. ಪಿಸ್ಟನ್ ರಿಂಗುಗಳನ್ನು ದಾಟಿ ಕೆಳಗಿಳಿಯುವ ಗಾಳಿ ಹೊರಹೋಗಲು ಟ್ಯಾಪೆಟ್ ಕವರಿನಿಂದ ಏರ್ ಫಿಲ್ಟರ್ ಡಬ್ಬಿಯ ಕಡೆಗೆ ಬ್ರೀದರ್ ಪೈಪು ಇರುತ್ತದೆ. ಅದರೊಳಗೆ ಮಸಿ ಕಟ್ಟಿದರೆ ಗಾಳಿ ಒಳಗೇ ಒತ್ತಿ, ಸಿಕ್ಕ ಸಂದಿಯಿಂದ ಎಣ್ಣೆಯನ್ನು ದಬ್ಬುತ್ತದೆ. ಪೈಪು ಬಿಚ್ಚಿ ಊದಿ ನೋಡಿ, ಡೀಸೆಲ್ಲಿನಲ್ಲಿ ತೊಳೆದು ಒಣಗಿಸಿ, ಬಿರುಕಿದ್ದರೆ ಹೊಸದು ಹಾಕಿ. ಆಮೇಲೆ ಎಂಜಿನ್ ಐಡ್ಲಿಂಗಿನಲ್ಲಿದ್ದಾಗ ಎಣ್ಣೆ ಸುರಿಯುವ ಮುಚ್ಚಳ ತಿರುವಿ ಹಾಗೆಯೇ ಬಾಯಿಯ ಮೇಲೆ ಇಡಿ. ಸ್ವಲ್ಪ ಅದುರಿದರೆ ಚಿಂತೆಯಿಲ್ಲ. ಪೈಪು ತೊಳೆದ ಮೇಲೂ ಮುಚ್ಚಳ ಕುಣಿದು ಹೊಗೆ ಭುಸುಗುಟ್ಟಿದರೆ ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಅಳೆಯಿಸಿ. ಮೂರು ಸಿಲಿಂಡರುಗಳಲ್ಲಿ ಒಂದಾಗಲಿ ಮೂರೂ ಆಗಲಿ ಬಹಳ ಕೆಳಗಿದ್ದರೆ ಆಗ ಮಾತ್ರ ಎಂಜಿನ್ ಕೆಲಸದ ಮಾತು ಒಪ್ಪಿಕೊಳ್ಳಿ.

ಸೋರಿಕೆ ನಿಲ್ಲಿಸುವ ಔಷಧಿ ಎಂದು ಡಬ್ಬಿಗಳು ಸಿಗುತ್ತವೆ. ಗಟ್ಟಿಯಾದ ರಬ್ಬರನ್ನು ಅವು ಸ್ವಲ್ಪ ಕಾಲ ಉಬ್ಬಿಸುತ್ತವೆ, ಹರಿದದ್ದನ್ನು ಹೊಲಿಯುವುದಿಲ್ಲ. ದಪ್ಪ ಎಣ್ಣೆಗೆ ಬದಲಾಯಿಸುವುದೂ ಹಾಗೆಯೇ. ನಾನು ಎರಡನ್ನೂ ಮಾಡುವುದಿಲ್ಲ. ರಟ್ಟಿನ ಮೇಲೆ ವಾರಕ್ಕೆ ಎರಡು ಹನಿ ಬಿದ್ದು ಡಿಪ್‌ಸ್ಟಿಕ್ ಅಲುಗದಿದ್ದರೆ ಮಟ್ಟ ನೋಡಿಕೊಂಡು ಓಡಿಸಬಹುದು. ಸೈಲೆನ್ಸರ್ ಪೈಪಿನ ಮೇಲೆ ಬಿದ್ದು ಸುಟ್ಟ ವಾಸನೆ ಬಂದರೆ, ಕ್ಲಚ್ ಜಾರಿದರೆ, ಎಣ್ಣೆಯ ಒತ್ತಡ ಕಡಿಮೆಯೆಂದು ತೋರುವ ಕೆಂಪು ದೀಪ ಮಿನುಗಿದರೆ ಮಾತ್ರ ಅಂದೇ ನಿಲ್ಲಿಸಿ. ಪೌಡರ್ ಪರೀಕ್ಷೆಯಲ್ಲಿ ಮೇಲೆಲ್ಲ ಒಣಗಿದ್ದು ಹೌಸಿಂಗಿನ ಒಳಗಿನಿಂದಲೇ ಎಂಜಿನ್ ಆಯಿಲ್ ಬರುತ್ತಿದ್ದರೆ ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ. ಆಗ ಗೇರ್ ಬಾಕ್ಸ್ ಇಳಿಸಲಿ, ಅದರ ಜೊತೆಗೆ ಇನ್‌ಪುಟ್ ಶಾಫ್ಟ್ ಸೀಲನ್ನೂ ಹಾಕಿಸಿ, ಕ್ಲಚ್ ಪ್ಲೇಟ್ ನೋಡಿಸಿ.

ತೊಳೆದ ಡೀಸೆಲ್, ಹಳೆಯ ಎಣ್ಣೆಯನ್ನು ಗಟಾರಕ್ಕೋ ಹೊಲದ ಬದುವಿಗೋ ಚೆಲ್ಲಬೇಡಿ. ಡಬ್ಬಿಯಲ್ಲಿ ತುಂಬಿಟ್ಟು ಗ್ಯಾರೇಜಿನ ಪೀಪಾಯಿಗೆ ಕೊಡಿ.

ರಟ್ಟಿನ ಫೋಟೊ, ಪೌಡರಿನ ಫೋಟೊ ಎರಡನ್ನೂ ಇಲ್ಲಿ ಹಾಕಿ, ಗಾಲಿಯ ಗುರುತು ಕಾಣುವಂತಿರಲಿ. ಮುಂದಿನ ಭಾನುವಾರ ನಾನು ಅಣ್ಣಿಗೇರಿಗೆ ಬರುವವನಿದ್ದೇನೆ. ಅಷ್ಟರಲ್ಲಿ ಗೆರೆ ಎಲ್ಲಿ ಎಂದು ತಿಳಿದರೆ ಬೇಕಾದ ರಿಂಗನ್ನು ಹುಬ್ಬಳ್ಳಿಯಿಂದಲೇ ತರುತ್ತೇನೆ.