ಹೊಳೆಯಾಚೆಯ ಬೀಗರು, ಈಚೆಯ ನಾವು

'ರಾಯಚೂರಿನವರಿಗೆ ನಮ್ಮ ಸರ್ಕಾರದ ಮೇಲೆ ನಂಬಿಕೆಯೇ ಇಲ್ವಾ? ತೆಲಂಗಾಣಕ್ಕೆ ಸೇರ್ತೀವಿ ಅಂತೀರಲ್ಲ?' ಬೆಂಗಳೂರಿಗೆ ಬಂದಾಗಿನಿಂದ ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ. 2021ರಲ್ಲಿ ಆ ಮಾತು ಆಡಿದ್ದು ನಮ್ಮ ಶಾಸಕರೇ, ನಿಜ. ಆದರೆ ಅದರ ಹಿಂದಿನ ಸಂಕಟ ಗೊತ್ತಾಗಬೇಕಾದರೆ ನೀವು ಶಕ್ತಿನಗರದ ಸೇತುವೆ ದಾಟಬೇಕು.

ಕೃಷ್ಣೆಯ ಆಚೆ, ತೆಲಂಗಾಣದಲ್ಲಿ ನಮ್ಮ ಬೀಗರಿದ್ದಾರೆ. ಅದೇ ಹತ್ತಿ, ಅದೇ ತೊಗರಿ. 2018ರಲ್ಲಿ ಅವರ ಪಂಪ್‌ಸೆಟ್‌ಗೆ 24 ಗಂಟೆ ಕರೆಂಟು ಬಂತು. ಅದೇ ವರ್ಷ ಅಲ್ಲಿನ ಸರ್ಕಾರದ ರೈತಬಂಧು ಯೋಜನೆಯಲ್ಲಿ ಎಕರೆಗೆ, ಬೆಳೆಗೊಮ್ಮೆ 4,000 ರೂಪಾಯಿಯೂ ಕೈಗೆ ಬಂತು. ನಮ್ಮಲ್ಲಿ ತ್ರೀಫೇಸ್ 7 ಗಂಟೆ. ಅದೂ ಎಷ್ಟೋ ಸಲ ರಾತ್ರಿ ಪಾಳಿ. ಬ್ಯಾಟರಿ ಹಿಡಿದು, ಹಾವು ಚೇಳು ನೋಡಿಕೊಂಡು ಮೋಟರ್ ಚಾಲು ಮಾಡೋಕೆ ಹೋಗಬೇಕು. ಕತ್ತಲಲ್ಲಿ ಎದುರಿಗೆ ಕಾಣೋದು ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ದೀಪಗಳು! ಬೂದಿ ನಮಗೆ, ಕರೆಂಟು ನಿಮಗೆ. ಮದುವೆ ಮುಂಜಿಯಲ್ಲಿ ಬೀಗರ ಎದುರು ಕೂತು ಊಟ ಮಾಡುವಾಗ ಈ ಲೆಕ್ಕವೆಲ್ಲ ಬಂದೇ ಬರುತ್ತೆ.

ಸುಮ್ನೆ ಗೊಣಗ್ತೀವಿ ಅಂದುಕೊಳ್ಳಬೇಡಿ. ಸಿಕ್ಕಿದ್ದೂ ಇದೆ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದಮೇಲೆ ನಮ್ಮ ಭಾಗದ 'ಸಿ' ದರ್ಜೆ ಹುದ್ದೆಗಳಲ್ಲಿ ಶೇ. 80 ಸ್ಥಳೀಯರಿಗೆ. ಕಾಲೇಜು ಸೀಟಿನಲ್ಲೂ ಮೀಸಲಾತಿ ಇದೆ; ಸ್ಥಳೀಯರು ಅನ್ನೋ ಸರ್ಟಿಫಿಕೇಟ್ ಹಿಡಿದು ಡಾಕ್ಟರ್ ಓದಿದ ಹುಡುಗಿಯರು ಈಗ ಹಳ್ಳಿಗಳಲ್ಲೂ ಇದ್ದಾರೆ. ಸಿಗದಿದ್ದಕ್ಕೆ ಸಿಟ್ಟೂ ಇದೆ. ಪ್ರಾದೇಶಿಕ ಅಸಮಾನತೆ ಬಗ್ಗೆ ವರದಿ ಕೊಟ್ಟ ನಂಜುಂಡಪ್ಪ ಸಮಿತಿ ರಾಯಚೂರಿಗೆ ಐಐಟಿ ಕೊಡಿ ಅಂದಿತ್ತು, ಅದು ಧಾರವಾಡಕ್ಕೆ ಹೋಯಿತು. ಏಮ್ಸ್ ಆದರೂ ಕೊಡಿ ಅಂತ 2022ರ ಮೇನಲ್ಲಿ ಧರಣಿ ಕೂತವರು 1,000 ದಿನ ದಾಟಿಸಿದರು. ನಂಬಿಕೆ ಪೂರ್ತಿ ಸತ್ತಿದ್ದರೆ ಯಾರಾದರೂ ಅಷ್ಟು ದಿನ ಪೆಂಡಾಲ್ ಕಾಯ್ತಾರಾ?

ಇನ್ನು ಓಟಿನ ವಿಷಯ. ನಿಮ್ಮ ಅಪಾರ್ಟ್‌ಮೆಂಟ್ ಕಟ್ಟೋರಲ್ಲಿ ನಮ್ಮ ಕಡೆಯಿಂದ ಗುಳೆ ಬಂದವರು ಜಾಸ್ತಿ. ಪಂಚಾಯ್ತಿ ಚುನಾವಣೆ ಬಂದರೆ ಅವರ ಶೆಡ್ಡುಗಳು ಅರ್ಧ ಖಾಲಿ. ಕ್ಯಾಂಡಿಡೇಟೇ ಗಾಡಿ ಕಳಿಸುತ್ತಾನೆ. ಅದೇನು ಧರ್ಮಕ್ಕೆ ಅಲ್ಲ ಬಿಡಿ. ಆದರೂ ಎರಡು ದಿನದ ಕೂಲಿ ಬಿಟ್ಟು ಹೋಗ್ತಾರೆ, ಯಾಕಂದರೆ ರೇಷನ್ ಕಾರ್ಡು, ಮನೆ ಬಿಲ್ಲು ಎಲ್ಲದಕ್ಕೂ ಆ ಮೆಂಬರ್ ಬೇಕು. ನಿಮ್ಮ ಬೆಂಗಳೂರು ದಕ್ಷಿಣದಲ್ಲಿ 2024ರಲ್ಲಿ ಓಟು ಹಾಕಿದ್ದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಜನ, ಅಷ್ಟೇ. 2020ರ ಸೆಪ್ಟೆಂಬರ್‌ನಲ್ಲಿ ಕಾರ್ಪೊರೇಟರ್‌ಗಳ ಅವಧಿ ಮುಗಿದಮೇಲೆ ಐದು ವರ್ಷ ಪಾಲಿಕೆ ಚುನಾವಣೆಯೇ ನಡೆಯಲಿಲ್ಲ. ಅದಕ್ಕೆ ಯಾರೂ ಧರಣಿ ಕೂತು ಸಾವಿರ ದಿನ ಕಳೆಯಲಿಲ್ಲ, ಅಲ್ವಾ? ನಮ್ಮೂರಲ್ಲಿ ಖಾತ್ರಿ ಕೆಲಸದ ಕೂಲಿ ತಡವಾದರೆ ಬೆಳಗ್ಗೆನೇ ಮೆಂಬರ್ ಮನೆ ಮುಂದೆ ನಿಂತು ಬಯ್ತಾರೆ. ಮೋರಿ ಉಕ್ಕಿದಾಗ ನೀವು ಯಾರ ಮನೆ ಮುಂದೆ ನಿಂತಿದ್ರಿ, ಹೇಳಿ?