ಬೂಸ್ಟ್ ಅಲ್ಲ, ಮೊದಲು ಇಜಿಟಿ ಗೇಜ್
ಟ್ರೇಲರ್ ಎಳೆಯುವ ಟರ್ಬೊ ಡೀಸೆಲ್ ಪಿಕಪ್‌ಗೆ ಬೂಸ್ಟ್ ಗೇಜ್ (ಟರ್ಬೊ ಎಂಜಿನ್‌ಗೆ ತಳ್ಳುವ ಗಾಳಿಯ ಒತ್ತಡ ತೋರಿಸುವುದು) ಒಂದೇ ಸಾಕಾ ಅಂತ ಕೇಳಿದ್ದೀರಿ. ಸಾಲದು. ಒಂದೇ ಗೇಜ್ ಹಾಕಿಸುವುದಾದರೆ ಎಕ್ಸಾಸ್ಟ್ ಬಿಸಿ ತೋರಿಸುವ ಇಜಿಟಿ ಗೇಜ್ ತಗೊಳ್ಳಿ. ಲೋಡ್ ಎಳೆದುಕೊಂಡು ಏರು ಹತ್ತುವಾಗ ಪಿಸ್ಟನ್, ಟರ್ಬೊ ಎರಡನ್ನೂ ಹಾಳು ಮಾಡುವುದು ಆ ಬಿಸಿಯೇ. ಸೆನ್ಸರ್ ಮಾತ್ರ ಟರ್ಬೊಗಿಂತ ಮುಂಚೆ, ಎಂಜಿನ್‌ನಿಂದ ಹೊಗೆ ಹೊರಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಲ್ಲೇ ಕೂರಬೇಕು. ಟರ್ಬೊ ದಾಟಿದ ಮೇಲೆ ಹಾಕಿದರೆ ಲೋಡ್‌ನಲ್ಲಿ ನಿಜವಾದ ಬಿಸಿಗಿಂತ 100 ಡಿಗ್ರಿಗೂ ಜಾಸ್ತಿ ಕಡಿಮೆ ತೋರಿಸಬಹುದು, ಸುಮ್ನೆ ಸುಳ್ಳು ಧೈರ್ಯ ಅಷ್ಟೇ. ಮುಳ್ಳು 700 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂತಾ? ಆಕ್ಸಿಲರೇಟರ್ ಸಡಿಲಿಸಿ, ಒಂದು ಗೇರ್ ಇಳಿಸಿ. ಮ್ಯಾನಿಫೋಲ್ಡ್‌ಗೆ ತೂತು ಕೊರೆಯುವಾಗ ಡ್ರಿಲ್ ಬಿಟ್‌ಗೆ ಗ್ರೀಸ್ ಬಳಿಯಲು ಹೇಳಿ. ಲೋಹದ ಚೂರು ಟರ್ಬೊ ಬ್ಲೇಡ್‌ಗೆ ಬಡಿದರೆ ಕಥೆ ಮುಗಿಯಿತು. ಗಾಡಿ ಆಟೊಮ್ಯಾಟಿಕ್ ಆದರೆ ಎರಡನೆಯದು ಗೇರ್‌ಬಾಕ್ಸ್ ಆಯಿಲ್ ಬಿಸಿಯ ಗೇಜ್. ಬೂಸ್ಟ್ ಆಮೇಲೆ ನೋಡಿದರಾಯಿತು. ಟರ್ಬೊದ ಗಾಳಿ ಹೋಸ್ ಸೋರುತ್ತಿದ್ದರೆ ಹಿಡಿಯಲು ಅದು ಒಳ್ಳೆಯದೇ.