ನದಿ ಹತ್ತಿರದ ಜಾಗಕ್ಕೆ ದೂರ ಕೇಳಬೇಡಿ, ಲೆವಲ್ ತೆಗೆಸಿ

ನಿಮ್ಮ ಪ್ರಶ್ನೆ ಇಷ್ಟು, ಅಲ್ವಾ? ಪುಣೆಯ ಸಿಂಹಗಡ ರೋಡ್ ಕಡೆ, ಮುಠಾ ನದಿಗೆ ಹತ್ತಿರ ಮೂರು ಗುಂಟೆ ಜಾಗ ನೋಡಿದ್ದೀರಿ. ಏಜೆಂಟ್ "ನದಿ ಇನ್ನೂರು ಮೀಟರ್ ದೂರ ಇದೆ, ಏನೂ ಆಗಲ್ಲ" ಅನ್ನುತ್ತಿದ್ದಾನೆ. ಒಂದೆರಡು ಅಡಿ ಪ್ಲಿಂತ್ (ಮನೆಯ ನೆಲಗಟ್ಟು) ಎತ್ತರಿಸಿ, ಕೆಳಗೆ ಬೇಸ್‌ಮೆಂಟ್‌ನಲ್ಲಿ ಕಾರು ನಿಲ್ಲಿಸಿಕೊಂಡು, ಮೇಲೆ ಎರಡು ಮಹಡಿ ಕಟ್ಟಿದರೆ ನಡೆಯುತ್ತಾ ಅಂತ ಕೇಳಿದ್ದೀರಿ.

ನಾನು ಜಮಖಂಡಿ ಕಡೆಯವನು, ಪುಣೆಯಲ್ಲಿ ಸ್ಟ್ರಕ್ಚರಲ್ ಡಿಸೈನ್ ಕೆಲಸ ಮಾಡುತ್ತೇನೆ. ಇಂಥ ಜಾಗದ ಮನೆಗಳ ಡ್ರಾಯಿಂಗ್ ಆಗಾಗ ಟೇಬಲ್ ಮೇಲೆ ಬರುತ್ತವೆ. ಏಜೆಂಟ್ ಹೇಳಿದ ಆ ಇನ್ನೂರು ಮೀಟರನ್ನು ಮೊದಲು ಮರೆತುಬಿಡಿ. ನದಿಗೆ ಐವತ್ತು ಮೀಟರ್‌ನಲ್ಲಿದ್ದರೂ ಬಂಡೆ ಮೇಲಿರುವ ಜಾಗಕ್ಕೆ ನೀರು ಹತ್ತುವುದಿಲ್ಲ, ಅರ್ಧ ಕಿಲೋಮೀಟರ್ ಆಚೆ ತಗ್ಗಿನಲ್ಲಿರುವ ಜಾಗಕ್ಕೆ ಓಢಾ (ಹಳ್ಳ) ಹಿಮ್ಮುಖವಾಗಿ ಹರಿದು ನೀರು ನುಗ್ಗುತ್ತದೆ. ಇಲ್ಲಿ ಲೆಕ್ಕ ಎತ್ತರದ್ದು.

ಮಹಾರಾಷ್ಟ್ರದಲ್ಲಿ ನದಿ ಪಕ್ಕ ಎರಡು ಗೆರೆ ಎಳೆಯುತ್ತಾರೆ. ಬ್ಲೂ ಲೈನ್ ಅಂದರೆ 25 ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹದ ಮಟ್ಟ, ರೆಡ್ ಲೈನ್ ಅಂದರೆ 100 ವರ್ಷಕ್ಕೊಮ್ಮೆ ಬರಬಹುದಾದದ್ದು. 2020ರ ಡಿಸೆಂಬರ್‌ನಲ್ಲಿ ಬಂದ ಯುಡಿಸಿಪಿಆರ್ ಅನ್ನುವ ಕಟ್ಟಡ ನಿಯಮದ ಪ್ರಕಾರ ನದಿ ದಂಡೆಯಿಂದ ಬ್ಲೂ ಲೈನ್‌ವರೆಗೆ ಹೊಸ ಮನೆ ಕಟ್ಟುವಂತಿಲ್ಲ; ಗಾರ್ಡನ್, ತೆರೆದ ಪಾರ್ಕಿಂಗ್, ತರಕಾರಿ ಮಾರ್ಕೆಟ್ ಇಂಥದ್ದಕ್ಕೆ ಮಾತ್ರ ಅವಕಾಶ. ಬ್ಲೂ ಮತ್ತು ರೆಡ್ ನಡುವೆ ಕಟ್ಟಬಹುದು, ಆದರೆ ರೆಡ್ ಲೈನ್ ಮಟ್ಟಕ್ಕಿಂತ 0.45 ಮೀಟರ್, ಅಂದರೆ ಒಂದೂವರೆ ಅಡಿ ಮೇಲೆ.

ಎಲ್ಲರೂ ಎಡವುವುದು ಈ ಒಂದೂವರೆ ಅಡಿಯಲ್ಲೇ. ರಸ್ತೆಯಿಂದ ಒಂದೂವರೆ ಅಡಿ ಅಲ್ಲ, ನಿಮ್ಮ ನೆಲದಿಂದಲೂ ಅಲ್ಲ. ಒಂದು ಉದಾಹರಣೆ ಹಾಕಿ ನೋಡೋಣ. ನಿಮ್ಮ ಜಾಗದ ಎದುರು ರೆಡ್ ಲೈನ್ ಸಮುದ್ರ ಮಟ್ಟದಿಂದ 552 ಮೀಟರ್ ಎತ್ತರದಲ್ಲಿದೆ, ನಿಮ್ಮ ನೆಲ 550.20ರಲ್ಲಿದೆ ಅಂದುಕೊಳ್ಳಿ. ಆಗ ಮನೆಯ ನೆಲ 552.45ಕ್ಕೆ ಬರಬೇಕು. ಅಂದರೆ ನೆಲದಿಂದ ಏಳು ಅಡಿಗಿಂತ ಜಾಸ್ತಿ! ನೀವು ಅಂದುಕೊಂಡ "ಒಂದೆರಡು ಅಡಿ ಪ್ಲಿಂತ್" ಎಲ್ಲಿ, ಇದು ಎಲ್ಲಿ.

ಅದಕ್ಕೆ ಅಡ್ವಾನ್ಸ್ ಕೊಡುವ ಮೊದಲು ಎರಡು ಕೆಲಸ ಮಾಡಿ. ಸರ್ವೆ ನಂಬರ್ ಹಿಡಿದು ಝೋನ್ ದಾಖಲಾ (ಜಾಗ ಯಾವ ವಲಯದಲ್ಲಿದೆ ಅನ್ನುವ ಪತ್ರ) ತೆಗೆಸಿ, ಗೆರೆ ನಿಮ್ಮ ಜಾಗದ ಮೇಲೆ ಹಾದುಹೋಗಿದೆಯಾ ಅಂತ ಡಿಪಿ (ನಗರದ ಅಭಿವೃದ್ಧಿ ಯೋಜನೆ) ನಕ್ಷೆಯಲ್ಲಿ ನೋಡಿ, ಪಾಟಬಂಧಾರೆ (ನೀರಾವರಿ) ಇಲಾಖೆಯಿಂದ ಆ ಭಾಗದ ರೆಡ್ ಲೈನ್ ಲೆವಲ್ ಎಷ್ಟು ಮೀಟರ್ ಅಂತ ನಿಮ್ಮ ಆರ್ಕಿಟೆಕ್ಟ್ ಮೂಲಕ ಬರೆಸಿಕೊಳ್ಳಿ. ಇನ್ನೊಂದು, ಸರ್ವೆಯರ್ ಕರೆಸಿ ಎತ್ತರ ಗೊತ್ತಿರುವ ಬೆಂಚ್‌ಮಾರ್ಕ್‌ನಿಂದ ಲೆವಲ್ ತಂದು ಜಾಗದ ನಾಲ್ಕೂ ಮೂಲೆಯ ಆರ್‌ಎಲ್ (ಸಮುದ್ರ ಮಟ್ಟದಿಂದ ಎತ್ತರ) ತೆಗೆಸಿ. ಮೊಬೈಲ್ ಆ್ಯಪ್ ತೋರಿಸುವ ಎತ್ತರ ನಂಬಬೇಡಿ, ಅದು ಸಲೀಸಾಗಿ ಎಷ್ಟೋ ಮೀಟರ್ ತಪ್ಪುತ್ತದೆ, ನಮಗೆ ಇಲ್ಲಿ ಅರ್ಧ ಅಡಿಯೂ ಮುಖ್ಯ. ಸರ್ವೆಯರ್‌ಗೆ ಕೊಡುವ ದುಡ್ಡು ಈ ಇಡೀ ವ್ಯವಹಾರದಲ್ಲೇ ಅಗ್ಗದ್ದು.

ಇನ್ನು "25 ವರ್ಷಕ್ಕೊಮ್ಮೆ" ಅನ್ನುವ ಮಾತು. ಒಮ್ಮೆ ಬಂದರೆ ಮುಂದಿನ 25 ವರ್ಷ ನಿಶ್ಚಿಂತೆ ಅಂತ ಅದರ ಅರ್ಥ ಅಲ್ಲ. ಪ್ರತಿ ಮಳೆಗಾಲಕ್ಕೂ ನೂರಕ್ಕೆ ನಾಲ್ಕರಷ್ಟು ಸಾಧ್ಯತೆ ಅಂತ. 20 ವರ್ಷದ ಹೋಮ್ ಲೋನ್ ತೆಗೆದುಕೊಂಡಿರಿ ಅನ್ನಿ, ಆ ಲೋನ್ ತೀರುವುದರೊಳಗೆ ನೀರು ಒಮ್ಮೆಯಾದರೂ ಬ್ಲೂ ಲೈನ್ ಮುಟ್ಟುವ ಸಾಧ್ಯತೆ ನೂರಕ್ಕೆ 56. ರೆಡ್ ಲೈನ್ ಮುಟ್ಟುವುದು ನೂರಕ್ಕೆ 18. ಬ್ಯಾಂಕಿನವರು ಇದನ್ನು ಹೇಳುವುದಿಲ್ಲ.

ಆ ಗೆರೆ ಕೂಡ ಎಳೆದ ದಿನದ ಲೆಕ್ಕ. ಆಮೇಲೆ ದಂಡೆಗೆ ಯಾರೋ ಮಣ್ಣು ಸುರಿದಿರುತ್ತಾರೆ, ಯಾರೋ ಗೋಡೆ ಕಟ್ಟಿರುತ್ತಾರೆ, ನದಿ ಪಾತ್ರ ಕಿರಿದಾಗಿರುತ್ತದೆ, ಅಷ್ಟೇ ನೀರು ಮೊದಲಿಗಿಂತ ಎತ್ತರಕ್ಕೆ ಬರುತ್ತದೆ. 2024ರ ಜುಲೈ 25ರಂದು ಖಡಕ್ವಾಸ್ಲಾ ಅಣೆಕಟ್ಟಿನಿಂದ ಸುಮಾರು 35 ಸಾವಿರ ಕ್ಯೂಸೆಕ್ ಬಿಟ್ಟಾಗ ನಿಮ್ಮದೇ ಸಿಂಹಗಡ ರೋಡಿನ ಏಕತಾ ನಗರಿಯಲ್ಲಿ ಸೊಸೈಟಿಗಳ ಕೆಳಗಿನ ಭಾಗ ಮುಳುಗಿತ್ತು, ಸೇನೆಯವರು ಬರಬೇಕಾಯಿತು. 1961ರ ಜುಲೈ 12ರಂದು ಪಾನ್‌ಶೇತ್ ಅಣೆಕಟ್ಟು ಒಡೆದಿದ್ದು ಬೇರೆಯೇ ಕಥೆ, ಅದಕ್ಕೆ ಯಾವ ಪ್ಲಿಂತೂ ಸಾಲುವುದಿಲ್ಲ. ನೀವು ಹೆದರಬೇಕಾಗಿರುವುದು 2024ರಂಥದ್ದಕ್ಕೆ.

ಕಾಗದ ನೋಡಿದ ಮೇಲೆ ಒಂದು ಸಂಜೆ ಆ ಗಲ್ಲಿಯಲ್ಲಿ ಸುಮ್ನೆ ಓಡಾಡಿ ಬನ್ನಿ. ಹಳೇ ಸೊಸೈಟಿಯ ಪಾರ್ಕಿಂಗ್‌ಗೆ ಹೋಗಿ ಮೀಟರ್ ಬೋರ್ಡ್ ನೋಡಿ. ಗೋಡೆಯಲ್ಲಿ ಹಳೇ ಮೊಳೆ ತೂತುಗಳು ಕೆಳಗಿದ್ದು, ಮೀಟರ್ ಈಗ ತಲೆಗಿಂತ ಮೇಲಿದ್ದರೆ, ಕೇಬಲ್‌ಗೆ ಜಾಯಿಂಟ್ ಹಾಕಿ ಉದ್ದ ಮಾಡಿದ್ದರೆ, ಯಾಕೆ ಅಂತ ಕೇಳುವ ಅಗತ್ಯವೇ ಇಲ್ಲ. ಲಿಫ್ಟ್ ಬಾಗಿಲಿನ ಕೆಳಗಿನ ಎರಡು ಅಡಿಗೆ ಮಾತ್ರ ತುಕ್ಕು, ಕಾಲಂಗೆ ಎದೆ ಮಟ್ಟದವರೆಗೆ ಮಾತ್ರ ಹೊಸ ಪೇಂಟ್, ಇವೂ ಅದನ್ನೇ ಹೇಳುತ್ತವೆ. ವಾಚ್‌ಮನ್ ಹತ್ತಿರ ಮಾತಾಡಿ. ಟಪರಿಯವನ (ಚಹಾ ಗೂಡಂಗಡಿಯವನ) ಹತ್ತಿರ ಒಂದು ಚಹಾ ಕುಡಿದು "ಪಾಣಿ ಕುಠಪರ್ಯಂತ್ ಆಲಂ ಹೋತಂ?" (ನೀರು ಎಲ್ಲಿವರೆಗೆ ಬಂದಿತ್ತು?) ಅಂತ ಕೇಳಿದರೆ ಕೈಯಿಟ್ಟು ತೋರಿಸುತ್ತಾನೆ.

ಸರಿ, ಜಾಗ ರೆಡ್ ಮತ್ತು ಬ್ಲೂ ನಡುವೆ ಇದೆ, ಆದರೂ ತೆಗೆದುಕೊಳ್ಳುತ್ತೀರಿ ಅಂತಿಟ್ಟುಕೊಳ್ಳೋಣ. ಏಳು ಅಡಿ ಮುರುಮ್ (ಗರಸು ಮಣ್ಣು) ತುಂಬಿ ಅದರ ಮೇಲೆ ಮನೆ ಕೂರಿಸುವುದು ನನಗೆ ಇಷ್ಟವಿಲ್ಲ. ತುಂಬಿದ ಮಣ್ಣನ್ನು ಆರಾರು ಅಂಗುಲ ಪದರ ಹಾಕಿ, ನೀರು ಹೊಡೆದು, ರೋಲರ್ ಓಡಿಸಿ ಗಟ್ಟಿ ಮಾಡುವ ಕಂಟ್ರಾಕ್ಟರ್ ಸಿಗುವುದು ಕಷ್ಟ; ಒಮ್ಮೆ ನೀರು ಕುಡಿದ ಮೇಲೆ ಅದು ಕುಸಿದು ಟೈಲ್ಸ್ ಕೆಳಗೆ ಟೊಳ್ಳಾಗುತ್ತದೆ. ನಿಮ್ಮ ಪಾಲಿನ ನೀರನ್ನು ಪಕ್ಕದ ಮನೆಗೆ ತಳ್ಳಿದ ಹಾಗೂ ಆಗುತ್ತದೆ. ಕಾಲಂ ಮೇಲೆ ಮನೆ ಎತ್ತಿ, ಕೆಳಗೆ ಸ್ಟಿಲ್ಟ್, ಅಂದರೆ ಗೋಡೆಯಿಲ್ಲದ ಕಂಬಗಳ ಜಾಗ, ಖಾಲಿ ಬಿಟ್ಟು ಕಾರು ನಿಲ್ಲಿಸಿ. ನೀರು ಬಂದರೆ ಬಂದ ದಾರಿಯಲ್ಲೇ ಹೋಗಲಿ. ಸ್ಟಿಲ್ಟ್‌ಗೆ ಆಮೇಲೆ ಗೋಡೆ ಹಾಕಿ ಬಾಡಿಗೆ ರೂಮ್ ಮಾಡುವ ಆಸೆ ಮಾತ್ರ ಬೇಡ.

ಪಾಯ ಎರೆಮಣ್ಣಿನಲ್ಲಿ ನಿಲ್ಲಬಾರದು. ನಮ್ಮ ಊರ ಕಡೆಯ ಎರೆ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ, ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಗಟ್ಟಿ ಮುರುಮ್ ಅಥವಾ ಕರಿಕಲ್ಲು ಸಿಗುವವರೆಗೆ ಇಳಿಯಿರಿ, ಎಲ್ಲ ಕಾಲಂಗಳನ್ನೂ ಪ್ಲಿಂತ್ ಬೀಮ್‌ನಿಂದ ಕಟ್ಟಿಹಾಕಿ. ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456ರಲ್ಲಿ ಆಗಾಗ ನೆನೆದು ಒಣಗುವ ಕಾಂಕ್ರೀಟಿಗೆ ಕನಿಷ್ಠ ಎಂ-30 (ಕಾಂಕ್ರೀಟಿನ ಬಲದ ದರ್ಜೆ), ಕಂಬಿಯ ಹೊರಗೆ 45 ಮಿಲಿಮೀಟರ್ ಕವರ್ ಅಂತಿದೆ. ಚಿಕ್ಕ ಮನೆಗೆ ಎಲ್ಲರೂ ಎಂ-20 ಬರೆದು ಮುಗಿಸುತ್ತಾರೆ. ಕೆಳಗಿನ ಕಾಲಂಗಳಿಗಾದರೂ ಹಟ ಹಿಡಿದು ಇದನ್ನೇ ಬರೆಸಿ.

ಈಗ ಸಂಪು. ಇದನ್ನು ಯಾರೂ ಕೇಳುವುದಿಲ್ಲ, ನನಗೆ ಜಾಸ್ತಿ ಚಿಂತೆ ಇದರದ್ದೇ. ಹೊರ ಅಳತೆ 3 ಮೀಟರ್ ಉದ್ದ, 2 ಅಗಲ, 2 ಆಳದ ಸಂಪು ಅಂದರೆ 12 ಘನ ಮೀಟರ್. ಸುತ್ತಲಿನ ಮಣ್ಣು ನೀರಿನಿಂದ ತುಂಬಿದರೆ ಅದನ್ನು ಕೆಳಗಿನಿಂದ ಹೆಚ್ಚುಕಡಿಮೆ 12 ಟನ್ ಬಲ ಎತ್ತುತ್ತದೆ. ಆರು ಅಂಗುಲದ ಗೋಡೆ, ತಳ, ಮುಚ್ಚಳ ಎಲ್ಲ ಸೇರಿಸಿದರೂ ಆ ಸಂಪಿನ ತೂಕ ಹತ್ತೂವರೆ ಟನ್ ದಾಟುವುದಿಲ್ಲ. ಒಳಗೆ ಖಾಲಿ ಇದ್ದರೆ ಮೇಲೆದ್ದು ಪೈಪ್ ಕಿತ್ತುಕೊಳ್ಳುತ್ತದೆ. ತಳದ ಸ್ಲ್ಯಾಬ್ ಅನ್ನು ಗೋಡೆಯಿಂದ ಒಂದು ಅಡಿ ಹೊರಗೆ ಚಾಚಿದರೆ ಅದರ ಮೇಲೆ ಕೂರುವ ಮಣ್ಣಿನ ತೂಕ ಹಿಡಿದಿಡುತ್ತದೆ, ಮಳೆಗಾಲದಲ್ಲಿ ಸಂಪು ತುಂಬಿಸಿಯೇ ಇಡಿ. ಸೆಪ್ಟಿಕ್ ಟ್ಯಾಂಕಿಗೂ ಇದೇ ಲೆಕ್ಕ. ಸಂಪಿನ ಮುಚ್ಚಳದ ಕಟ್ಟೆಯನ್ನು ಪ್ರವಾಹದ ಮಟ್ಟಕ್ಕಿಂತ ಮೇಲೆ ತನ್ನಿ, ಇಲ್ಲದಿದ್ದರೆ ಚರಂಡಿ ನೀರು ಕುಡಿಯುವ ನೀರಿಗೆ ಸೇರುತ್ತದೆ.

ನೀರು ಗೇಟಿನಿಂದಲೇ ಬರಬೇಕು ಅಂತೇನಿಲ್ಲ. ಪುಣೆಯಲ್ಲಿ ದೊಡ್ಡ ಡ್ರೈನೇಜ್ ಲೈನ್‌ಗಳು ನದಿ, ನಾಲಾ ಪಕ್ಕದಲ್ಲೇ ಹೋಗುತ್ತವೆ. ನದಿ ಏರಿತು ಅಂದರೆ ಲೈನ್ ತುಂಬಿ, ನಿಮ್ಮ ಚೇಂಬರ್ ತುಂಬಿ, ಬಾಗಿಲು ಭದ್ರ ಮಾಡಿ ಕೂತ ನಿಮ್ಮ ಬಚ್ಚಲಿನ ನಹಾನಿ ಟ್ರ್ಯಾಪ್‌ನಿಂದ (ನೀರು ಹೋಗುವ ಜಾಲರಿಯಿಂದ) ಕಪ್ಪು ನೀರು ಉಕ್ಕುತ್ತದೆ. ಕೊನೆಯ ಚೇಂಬರ್‌ನಲ್ಲಿ ನೀರು ವಾಪಸ್ ಬರದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಹಾಕಿಸಿ, ಪ್ರತಿ ಮೇ ತಿಂಗಳಲ್ಲಿ ಬಿಚ್ಚಿ ತೊಳೆಸಿ. ಸ್ಟಿಲ್ಟ್‌ನಲ್ಲಿ ಟಾಯ್ಲೆಟ್ ಇಡದಿರುವುದು ವಾಸಿ.

ಮೀಟರ್, ಇನ್ವರ್ಟರ್, ಪಂಪಿನ ಸ್ಟಾರ್ಟರ್ ಎಲ್ಲ ಮೇಲಿರಲಿ, ಸ್ಟಿಲ್ಟ್‌ನ ಲೈಟಿಗೆ ಬೇರೆ ಸರ್ಕ್ಯೂಟ್, ಅದಕ್ಕೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿತ ಮಾಡುವ ಸ್ವಿಚ್). ಕೆಳಗಡೆ ಜಿಪ್ಸಂ ಪ್ಲಾಸ್ಟರ್ ಬೇಡವೇ ಬೇಡ. ಇಲ್ಲಿ ಅದು ಈಗ ಫ್ಯಾಶನ್, ಒಂದು ರಾತ್ರಿ ನೀರಲ್ಲಿ ನಿಂತರೆ ನೆನೆಸಿಟ್ಟ ಅವಲಕ್ಕಿ ಥರ ಕೈಗೆ ಬರುತ್ತದೆ. ಸಿಮೆಂಟ್ ಗಿಲಾವು ಮಾಡಿಸಿ. ಎಎಸಿ ಬ್ಲಾಕ್ (ಹಗುರ ಸಿಮೆಂಟ್ ಬ್ಲಾಕ್) ನೀರು ಕುಡಿದರೆ ಒಣಗಲು ತಿಂಗಳುಗಟ್ಟಲೆ ಸತಾಯಿಸುತ್ತದೆ, ಕೆಳಗಿನ ಗೋಡೆಗಳಿಗೆ ಸುಟ್ಟ ಇಟ್ಟಿಗೆ ಅಥವಾ ಕಲ್ಲು ಸಾಕು.

ಕಾಂಪೌಂಡ್ ಗೋಡೆಯನ್ನು ಕೋಟೆ ಥರ ಕಟ್ಟುತ್ತೀವಿ ಅನ್ನುವವರು ಬಹಳ. ಒಂದು ಮೀಟರ್ ನೀರು ಒಂದೇ ಬದಿಗೆ ನಿಂತರೆ ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಅರ್ಧ ಟನ್ ತಳ್ಳುತ್ತದೆ, ಎರಡು ಮೀಟರ್ ನಿಂತರೆ ಎರಡು ಟನ್. 2019ರ ಸೆಪ್ಟೆಂಬರ್‌ನಲ್ಲಿ ಪುಣೆಯ ಆಂಬಿಲ್ ಓಢಾ ಉಕ್ಕಿದ ರಾತ್ರಿ ಗೋಡೆ ಕುಸಿದೂ ಜನ ಸತ್ತರು. ಕೆಳಗೆ ಎರಡಡಿ ಕಟ್ಟೆ, ನಡುನಡುವೆ ನೀರು ಹೋಗಲು ಕಿಂಡಿ, ಮೇಲೆ ಗ್ರಿಲ್ ಇರಲಿ.

ಬೇಸ್‌ಮೆಂಟ್ ಪ್ರಶ್ನೆಗೆ ಉತ್ತರ: ಬೇಡ. ಮೇಲೆ ಹೇಳಿದ ಸಂಪಿನ ಲೆಕ್ಕವನ್ನೇ ಇಡೀ ಮನೆಗೆ ಹಾಕಿಕೊಳ್ಳಿ. ಕರೆಂಟ್ ತೆಗೆದ ಹೊತ್ತಿನಲ್ಲಿ ಪಂಪ್ ಓಡುವುದಿಲ್ಲ, ಕಾರು ಉಳಿಸಲು ರ‍್ಯಾಂಪ್ ಇಳಿದವರು ಅಲ್ಲೇ ಸಿಕ್ಕಿಬೀಳುತ್ತಾರೆ. ಬೇಸ್‌ಮೆಂಟ್ ಇಲ್ಲದೆ ಆಗುವುದೇ ಇಲ್ಲ ಅಂದರೆ ಬೇರೆ ಜಾಗ ನೋಡಿ. ಇದೇ ಜಾಗ ಅಂದರೆ ನಾಲ್ಕು ಮೂಲೆಯ ಆರ್‌ಎಲ್ ಮತ್ತು ರೆಡ್ ಲೈನ್ ಲೆವಲ್ ಸಿಕ್ಕ ಮೇಲೆ ಇಲ್ಲೇ ಬರೆಯಿರಿ, ಸ್ಟಿಲ್ಟ್ ಎಷ್ಟು ಎತ್ತರ ಬೇಕಾಗುತ್ತದೆ ಅಂತ ಲೆಕ್ಕ ಹಾಕಿ ಹೇಳುತ್ತೇನೆ.